ಫಾರ್ಮ್ಯಾಟ್ ಮಾಡುವ ಮೊದಲು ಲಾಗ್ ತೆಗೆಯಬೇಕು, ಆದರೆ ಯಾವ ಮಷೀನಿನಲ್ಲಿ ಎಲ್ಲಿರುತ್ತವೆ?

ಹಳೇಹುಬ್ಬಳ್ಳಿ ಸರ್ವಿಸ್
ಎಲ್ಲರಿಗೂ ನಮಸ್ಕಾರ. ಅಂಗಡಿ, ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ದುರ್ಗದ ಬೈಲ್ ಕಡೆ ಒಂದು ಬಟ್ಟೆ ಅಂಗಡಿ ಇದೆ. ಅಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ಗಿರಾಕಿ ತುಂಬಿದ ಹೊತ್ತಿನಲ್ಲೇ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಮ್ಮೊಮ್ಮೆ ಮಷೀನೇ ಹ್ಯಾಂಗ್ ಆಗುತ್ತದೆ. ನನಗಿಂತ ಮೊದಲು ನೋಡಿದವರು ಎರಡು ಸಲ ಫಾರ್ಮ್ಯಾಟ್ ಮಾಡಿ ಹೋಗಿದ್ದಾರೆ. ಸ್ವಲ್ಪ ದಿನ ಚೆನ್ನಾಗಿ ನಡೆಯುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿದರೆ "ಲಾಗ್ ಕಳಿಸಿ" ಅನ್ನುತ್ತಾರೆ. ಲಾಗ್ ಅಂದರೆ ಮಷೀನಿನಲ್ಲಿ ಯಾವಾಗ ಏನಾಯಿತು ಅಂತ ತಾನಾಗಿ ಬರೆದಿಡುವ ದಾಖಲೆ ಅಂತ ಗೊತ್ತು. ಆದರೆ ಯಾವ ಲಾಗ್, ಎಲ್ಲಿದೆ, ಹೇಗೆ ತೆಗೆಯಬೇಕು ಅಂತ ಹೇಳುವುದಿಲ್ಲ. ಅಂಗಡಿಯವರು ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಅರ್ಧ ಮೆಸೇಜು ಟ್ಯೂಬ್‌ಲೈಟಿನ ಹೊಳಪಿನಲ್ಲೇ ಮುಚ್ಚಿಹೋಗಿರುತ್ತದೆ.

ನಾನು ನೋಡುವ ಮಷೀನುಗಳು ಒಂದೇ ತರದವೂ ಅಲ್ಲ. ಹೆಚ್ಚಿನವು ವಿಂಡೋಸ್ 10 ಮತ್ತು 11. ಧಾರವಾಡದ ಒಂದು ಲ್ಯಾಬಿನಲ್ಲಿ ಉಬುಂಟು. ಗದಗದ ಒಂದು ಪ್ರೆಸ್ಸಿನಲ್ಲಿ ಮ್ಯಾಕ್. ಎಲ್ಲದರಲ್ಲೂ ಲಾಗ್ ಹುಡುಕಿ, ಜೋಡಿಸಿ, ಕಳಿಸುವ ಸರಿಯಾದ ದಾರಿ ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಗೂಗಲ್‌ನಲ್ಲಿ ಸಿಗುವುದೆಲ್ಲ ತುಂಡು ತುಂಡು.

ಕೊಪ್ಪಿಕರ್ ರೋಡ್ ಹಾರ್ಡ್‌ವೇರ್
ಅಣ್ಣಾರೇ, ಅಂಗಡಿಯವರಿಗೆ ಬೇಕಾಗಿರುವುದು ಬಿಲ್. ಲಾಗ್ ಓದುತ್ತಾ ಕೂತರೆ ಗಂಟೆ ಗಂಟೆ ಹೋಗುತ್ತದೆ, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ? ಡೇಟಾ ಬ್ಯಾಕಪ್ ತೆಗೆದು ಫಾರ್ಮ್ಯಾಟ್ ಮಾಡಿ, ಹೊಸದಾಗಿ ಹಾಕಿ. ನೂರಕ್ಕೆ ತೊಂಬತ್ತು ಕೇಸು ಅಲ್ಲಿಗೇ ಮುಗಿಯುತ್ತವೆ.

ಗೋಕುಲ ರೋಡ್ ಐಟಿ
ಮುಗಿಯುವ ಕೇಸಾಗಿದ್ದರೆ ಎರಡು ಸಲ ಫಾರ್ಮ್ಯಾಟ್ ಆದ ಮೇಲೂ ಮತ್ತೆ ಯಾಕೆ ಬಂತು ಹೇಳಿ ನೋಡೋಣ. ಫಾರ್ಮ್ಯಾಟ್ ಮಾಡಿದ ಕ್ಷಣ ಇದ್ದ ಸಾಕ್ಷಿಯೆಲ್ಲ ಹೋಯಿತು. ಕಾಯಿಲೆ ಏನು ಅಂತ ತಿಳಿಯದೇ ಮಾತ್ರೆ ಕೊಟ್ಟ ಹಾಗೆ ಅದು.

ಮೊದಲು ವಿಂಡೋಸ್ ವಿಷಯ ಹೇಳುತ್ತೇನೆ. ಓದಲು ಸುಲಭ ಆಗಲಿ ಅಂತ ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಸ್ಟಾರ್ಟ್ ಒತ್ತಿ ಈವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್ ಅಂತ ಇರುತ್ತದೆ. ಅದರೊಳಗೆ ಅಪ್ಲಿಕೇಶನ್, ಸೆಕ್ಯುರಿಟಿ, ಸೆಟಪ್, ಸಿಸ್ಟಮ್, ಫಾರ್ವರ್ಡೆಡ್ ಈವೆಂಟ್ಸ್ ಅಂತ ಐದು. ನಿಮಗೆ ಮುಖ್ಯವಾಗಿ ಬೇಕಾಗಿರುವುದು ಅಪ್ಲಿಕೇಶನ್ ಮತ್ತು ಸಿಸ್ಟಮ್. ಸಾಫ್ಟ್‌ವೇರ್ ಬಿದ್ದುಹೋದರೆ ಅಪ್ಲಿಕೇಶನ್‌ನಲ್ಲಿ ಸಾಮಾನ್ಯವಾಗಿ ಈವೆಂಟ್ ಐಡಿ 1000 ಇರುತ್ತದೆ. ಅದನ್ನು ತೆರೆದರೆ ಬಿದ್ದ ಪ್ರೋಗ್ರಾಮಿನ ಹೆಸರು ಒಂದು ಸಾಲಿನಲ್ಲಿ, ಯಾವ ಮಾಡ್ಯೂಲಿನಲ್ಲಿ (ಪ್ರೋಗ್ರಾಮ್ ಬಳಸುವ ಭಾಗದಲ್ಲಿ) ಬಿತ್ತು ಅನ್ನುವುದು ಇನ್ನೊಂದು ಸಾಲಿನಲ್ಲಿ ಇರುತ್ತದೆ. ಎರಡನೇ ಸಾಲನ್ನು ಬಿಡಬೇಡಿ. ಎಷ್ಟೋ ಸಲ ಬಿಲ್ಲಿಂಗ್ ಸಾಫ್ಟ್‌ವೇರಿನದ್ದು ತಪ್ಪೇ ಇರುವುದಿಲ್ಲ, ಪ್ರಿಂಟರ್ ಡ್ರೈವರಿನ ಫೈಲ್ ಹೆಸರು ಅಲ್ಲಿ ಇರುತ್ತದೆ. ಪ್ರೋಗ್ರಾಮ್ ಬೀಳದೇ ಸುಮ್ನೆ ನಿಂತುಬಿಟ್ಟಿದ್ದರೆ 1002.

ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಒತ್ತಿ ಕ್ರಿಟಿಕಲ್, ಎರರ್, ವಾರ್ನಿಂಗ್ ಮೂರಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ಸಾವಿರಾರು ಸಾಲು ನೋಡಿ ತಲೆ ಕೆಡುತ್ತದೆ. ಕಳಿಸಬೇಕಾದಾಗ ಸೇವ್ ಆಲ್ ಈವೆಂಟ್ಸ್ ಆಸ್ ಕೊಡಿ. ಇವಿಟಿಎಕ್ಸ್ ಫೈಲ್ ಸಿಗುತ್ತದೆ. ಡಿಸ್‌ಪ್ಲೇ ಇನ್ಫರ್ಮೇಶನ್ ಸೇರಿಸಬೇಕಾ ಅಂತ ಕೇಳಿದರೆ ಇಂಗ್ಲಿಷ್ ಆರಿಸಿ. ಅದು ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಎಷ್ಟೋ ಈವೆಂಟಿಗೆ ವಿವರಣೆಯೇ ಕಾಣುವುದಿಲ್ಲ.

ಪಕ್ಕದಲ್ಲೇ ಕ್ಲಿಯರ್ ಲಾಗ್ ಅಂತ ಇದೆ. ಅದನ್ನು ಮುಟ್ಟಬೇಡಿ.

ಸಪ್ತಾಪುರ ಸ್ಟೂಡೆಂಟ್
ನಾನು ಎಲ್ಲೋ ಓದಿದ್ದೆ, ಈವೆಂಟ್ 41 ಕರ್ನಲ್ ಪವರ್ ಅಂತ ಬಂದರೆ ಎಸ್‌ಎಂಪಿಎಸ್ (ಮಷೀನಿನ ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಹೋಗಿದೆ ಅಂತ ಅರ್ಥ. ಅದನ್ನೂ ನೋಡಿ.

ಗೋಕುಲ ರೋಡ್ ಐಟಿ
ಹಾಗಲ್ಲ ತಮ್ಮಾ. ಹೋದ ಸಲ ಮಷೀನ್ ಸರಿಯಾಗಿ ಶಟ್‌ಡೌನ್ ಆಗದೇ ಮತ್ತೆ ಶುರುವಾಯಿತು ಅಂತ ಮಾತ್ರ 41 ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಕರೆಂಟ್ ಹೋಗಿದ್ದರೂ 41, ಹ್ಯಾಂಗ್ ಆಯಿತು ಅಂತ ಯಾರೋ ಪವರ್ ಬಟನ್ ಒತ್ತಿ ಹಿಡಿದರೂ 41, ವಿಂಡೋಸೇ ಬಿದ್ದು ನೀಲಿ ಸ್ಕ್ರೀನ್ ಬಂದರೂ 41.

ವ್ಯತ್ಯಾಸ ತಿಳಿಯಬೇಕಾದರೆ ಡೀಟೇಲ್ಸ್ ಟ್ಯಾಬ್ ತೆರೆಯಿರಿ. ಅಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಅಲ್ಲದಿದ್ದರೆ ನೀಲಿ ಸ್ಕ್ರೀನ್. ಪವರ್ ಬಟನ್ ಟೈಮ್‌ಸ್ಟ್ಯಾಂಪ್ ಸೊನ್ನೆ ಅಲ್ಲದಿದ್ದರೆ ಬಟನ್ ಒತ್ತಿ ಆಫ್ ಮಾಡಿದ್ದಾರೆ. ಎರಡೂ ಸೊನ್ನೆ ಇದ್ದರೆ ಕರೆಂಟ್, ಯುಪಿಎಸ್, ಎಸ್‌ಎಂಪಿಎಸ್ ಕಡೆ ನೋಡಬೇಕು, ಇಲ್ಲವೇ ಮಷೀನ್ ಪೂರ್ತಿ ಲಾಕ್ ಆಗಿರಬೇಕು. ಯುಪಿಎಸ್ ಬ್ಯಾಟರಿ ಸತ್ತ ಅಂಗಡಿಗಳಲ್ಲಿ ಕರೆಂಟ್ ಹೋದಾಗಲೆಲ್ಲ 41 ಬರುತ್ತದೆ. ಅದನ್ನು ನೋಡಿ ಎಸ್‌ಎಂಪಿಎಸ್ ಬದಲಾಯಿಸಿದರೆ ಗಿರಾಕಿಯ ದುಡ್ಡು ದಂಡ.

ಬ್ಯಾಡಗಿ ಅಡತಿ
ನಮ್ಮಲ್ಲೂ ಇದೇ ಗೋಳು. ಮೆಣಸಿನಕಾಯಿ ಸೀಸನ್ನಿನಲ್ಲಿ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಪ್ರಿಂಟ್ ಕೊಟ್ಟರೆ ಒಮ್ಮೊಮ್ಮೆ ಏನೂ ಬರುವುದಿಲ್ಲ, ಒಮ್ಮೊಮ್ಮೆ ಎರಡೆರಡು ಬರುತ್ತವೆ. ರೈತರು ಎದುರಿಗೇ ನಿಂತಿರುತ್ತಾರೆ. ಈವೆಂಟ್ ವ್ಯೂವರ್ ನೋಡಿದೆ. ಪ್ರಿಂಟರ್ ಬಗ್ಗೆ ಒಂದು ಸಾಲೂ ಇಲ್ಲ.

ಗೋಕುಲ ರೋಡ್ ಐಟಿ
ಪ್ರಿಂಟಿನ ಲಾಗ್ ಬೇರೆ ಜಾಗದಲ್ಲಿದೆ, ಅದು ಮೊದಲಿಗೆ ಬಂದ್ ಆಗಿರುತ್ತದೆ. ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್ ತೆರೆಯಿರಿ. ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಪ್ರಿಂಟ್‌ಸರ್ವಿಸ್, ಅಲ್ಲಿ ಆಪರೇಶನಲ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಲಾಗ್ ಕೊಡಿ. ಇವತ್ತಿನಿಂದ ಆಗುವುದು ಮಾತ್ರ ಸಿಗುತ್ತದೆ, ಹಿಂದಿನದ್ದು ಸಿಗುವುದಿಲ್ಲ. ಮುಂದಿನ ಸಲ ಎರಡು ಪಟ್ಟಿ ಬಂದಾಗ ಸಾಫ್ಟ್‌ವೇರೇ ಎರಡು ಸಲ ಕಳಿಸಿತೋ, ಒಂದೇ ಕಳಿಸಿದ್ದಕ್ಕೆ ಪ್ರಿಂಟರ್ ಎರಡು ಹೊಡೆಯಿತೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಬ್ಯಾಡಗಿ ಅಡತಿ
ಆನ್ ಮಾಡಿದೆ. ಮಾರುಕಟ್ಟೆ ದಿನ ಬರಲಿ, ನೋಡಿ ಹೇಳುತ್ತೇನೆ. ದೊಡ್ಡ ಉಪಕಾರ ಆಯಿತು.

ವಿದ್ಯಾನಗರ ಡೆವಲಪರ್
ನಾನು ಆ ಕಡೆಯವನು, ಅಂದರೆ "ಲಾಗ್ ಕಳಿಸಿ" ಅನ್ನುವವನು. ಹಾಗಾಗಿ ಎರಡು ಮಾತು.

ಈವೆಂಟ್ ವ್ಯೂವರ್ ವಿಂಡೋಸಿನ ಲಾಗ್. ಸಾಫ್ಟ್‌ವೇರ್ ತನ್ನದೇ ಲಾಗ್ ಬೇರೆ ಬರೆಯುತ್ತದೆ. ಕಂಪನಿಯವರು ಹೆಚ್ಚಾಗಿ ಕೇಳುವುದು ಅದನ್ನೇ. ಅದು ಇರುವ ಜಾಗಗಳು ಮೂರ್ನಾಲ್ಕು. ಒಂದು, ಸಾಫ್ಟ್‌ವೇರ್ ಇನ್‌ಸ್ಟಾಲ್ ಆದ ಫೋಲ್ಡರೇ. ಇನ್ನೊಂದು ಸಿ ಡ್ರೈವಿನಲ್ಲಿ ಪ್ರೋಗ್ರಾಮ್‌ಡೇಟಾ, ಅದು ಹಿಡನ್ ಫೋಲ್ಡರ್. ಮತ್ತೊಂದು ಯೂಸರ್ ಫೋಲ್ಡರಿನ ಒಳಗಿನ ಆಪ್‌ಡೇಟಾ, ಅದೂ ಹಿಡನ್. ಅದರೊಳಗೆ ಲೋಕಲ್, ರೋಮಿಂಗ್ ಎರಡನ್ನೂ ನೋಡಿ. ಟೆಂಪ್ ಫೋಲ್ಡರ್ ಕೂಡ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪರ್ಸೆಂಟ್ ಚಿಹ್ನೆಗಳ ನಡುವೆ ಆಪ್‌ಡೇಟಾ ಅಂತ ಬರೆದು ಎಂಟರ್ ಹೊಡೆದರೆ ನೇರ ರೋಮಿಂಗ್‌ಗೆ ಹೋಗುತ್ತೀರಿ.

ಇಲ್ಲೇ ಬಹಳ ಜನ ಎಡವುವುದು. ಆಪ್‌ಡೇಟಾ ಒಬ್ಬೊಬ್ಬ ಯೂಸರಿಗೆ ಒಂದೊಂದು. ಅಂಗಡಿಯ ಹುಡುಗ "ಬಿಲ್ಲಿಂಗ್" ಅನ್ನುವ ಯೂಸರಿನಲ್ಲಿ ಕೆಲಸ ಮಾಡುತ್ತಾನೆ. ಸರ್ವಿಸಿನವರು ಬಂದು ಅಡ್ಮಿನ್ ಆಗಿ ಲಾಗಿನ್ ಆಗುತ್ತಾರೆ, ಅಡ್ಮಿನ್ ಆಪ್‌ಡೇಟಾದಲ್ಲಿ ಹುಡುಕುತ್ತಾರೆ, "ಲಾಗೇ ಇಲ್ಲ ಸರ್" ಅನ್ನುತ್ತಾರೆ. ತೊಂದರೆ ಆದ ಯೂಸರಿನ ಫೋಲ್ಡರಿಗೇ ಹೋಗಬೇಕು.

ಹಳೇ 32 ಬಿಟ್ ಸಾಫ್ಟ್‌ವೇರ್ ಆದರೆ ಇನ್ನೊಂದು ಮೂಲೆ ಇದೆ. ಅದು ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ನೋಡುತ್ತದೆ, ಅನುಮತಿ ಇರುವುದಿಲ್ಲ, ವಿಂಡೋಸ್ ಸದ್ದಿಲ್ಲದೇ ಆ ಫೈಲನ್ನು ಆಪ್‌ಡೇಟಾ ಲೋಕಲ್ ಒಳಗಿನ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ಕಳಿಸುತ್ತದೆ. ಇನ್‌ಸ್ಟಾಲ್ ಫೋಲ್ಡರಿನಲ್ಲಿ ಎರಡು ವರ್ಷ ಹಳೆಯ ಲಾಗ್ ಕಂಡರೆ, ಹೊಸದು ವರ್ಚುವಲ್‌ಸ್ಟೋರಿನಲ್ಲಿ ಇದೆಯಾ ನೋಡಿ.

ಯಾವುದೂ ಗೊತ್ತಾಗದಿದ್ದರೆ ಸುಲಭದ ದಾರಿ ಇದು. ತೊಂದರೆ ಆದ ಕೂಡಲೇ ಸಿ ಡ್ರೈವಿನಲ್ಲಿ ಲಾಗ್ ಎಕ್ಸ್‌ಟೆನ್ಶನ್ ಇರುವ ಫೈಲುಗಳನ್ನೆಲ್ಲ ಹುಡುಕಿ, ಡೇಟ್ ಮಾಡಿಫೈಡ್ ಪ್ರಕಾರ ಜೋಡಿಸಿ. ಹಿಡನ್ ಫೈಲ್ ತೋರಿಸುವ ಆಯ್ಕೆ ಆನ್ ಇರಲಿ. ಈಗ ತಾನೇ ಬದಲಾದ ಫೈಲ್ ಮೇಲೆ ಬರುತ್ತದೆ. ನಿಮಗೆ ಬೇಕಾದದ್ದು ಹೆಚ್ಚಾಗಿ ಅದೇ.

ಎರಡನೇ ಮಾತು ಟೈಮ್. ಲಾಗ್ ಕಳಿಸುವಾಗ ತೊಂದರೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಆಯಿತು ಅಂತ ಬರೆಯದಿದ್ದರೆ ನಾವು ಏನು ಹುಡುಕಬೇಕು? "ನಿನ್ನೆ ಆಯಿತು ಸರ್" ಅಂದರೆ ಲಕ್ಷ ಸಾಲಿನಲ್ಲಿ ಎಲ್ಲಿ ಅಂತ ನೋಡುವುದು? ನಿಮಿಷ ಹೇಳಿದರೆ ಹತ್ತು ನಿಮಿಷದ ಕೆಲಸ.

ಧಾರವಾಡ ಲಿನಕ್ಸ್
ಟೈಮ್ ಮಾತಿಗೆ ನನ್ನದೂ ಒಂದು ಸೇರಿಸಿ. ಎಷ್ಟೋ ಸಾಫ್ಟ್‌ವೇರ್ ಲಾಗಿನಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಬರೆಯುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 10:15ಕ್ಕೆ ಆದದ್ದು ಲಾಗಿನಲ್ಲಿ 4:45 ಅಂತ ಇರುತ್ತದೆ. ಸಾಲಿನ ಕೊನೆಯಲ್ಲಿ ಝಡ್ ಅಕ್ಷರ ಇದ್ದರೆ ಯುಟಿಸಿ ಅಂತ ತಿಳಿಯಿರಿ. ಈವೆಂಟ್ ವ್ಯೂವರ್ ಮಾತ್ರ ನೋಡುವ ಕಂಪ್ಯೂಟರಿನ ಲೋಕಲ್ ಟೈಮಿಗೆ ಬದಲಾಯಿಸಿ ತೋರಿಸುತ್ತದೆ. ಎರಡೂ ಲಾಗ್ ಪಕ್ಕಪಕ್ಕ ಇಟ್ಟಾಗ ಸಮಯ ಹೊಂದದೇ ಜನ ಗಲಿಬಿಲಿ ಆಗುವುದು ಇದಕ್ಕೇ.

ಕೊಪ್ಪಿಕರ್ ರೋಡ್ ಹಾರ್ಡ್‌ವೇರ್
ಇದಕ್ಕೆ ನನ್ನ ಕಡೆಯಿಂದಲೂ ಒಂದು. ಹಳೇ ಮಷೀನುಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ. ಇಂಟರ್ನೆಟ್ ಬಂದ ಮೇಲೆ ಸರಿಯಾಗುತ್ತದೆ, ಆದರೆ ಮಧ್ಯದಲ್ಲಿ ಬರೆದ ಲಾಗೆಲ್ಲ ತಪ್ಪು ತಾರೀಖಿನಲ್ಲಿ. ಸಣ್ಣ ಸೆಲ್, ಮೊದಲು ಅದನ್ನು ಬದಲಾಯಿಸಿ.

ಫಾರ್ಮ್ಯಾಟ್ ಬಗ್ಗೆ ಮಾತ್ರ ನಾನು ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಧಾರವಾಡ ಲಿನಕ್ಸ್
ಈಗ ಲ್ಯಾಬಿನ ಉಬುಂಟು. ವಿಂಡೋಸಿಗಿಂತ ಇಲ್ಲಿ ಸುಲಭ, ಯಾಕೆಂದರೆ ಹೆಚ್ಚಿನದೆಲ್ಲ ಒಂದೇ ಕಡೆ ಇರುತ್ತದೆ. ರೂಟ್‌ನಲ್ಲಿ ವಾರ್, ಅದರೊಳಗೆ ಲಾಗ್ ಫೋಲ್ಡರ್. ಅಲ್ಲಿ ಸಿಸ್‌ಲಾಗ್ ನೋಡಿ. ಹಳೆಯದು ಸಿಸ್‌ಲಾಗ್ ಡಾಟ್ 1, ಅದಕ್ಕೂ ಹಳೆಯದು ಜಿಝಡ್ ಆಗಿ ಕಂಪ್ರೆಸ್ ಆಗಿರುತ್ತದೆ. ಅದನ್ನು ಬಿಚ್ಚುವ ಅಗತ್ಯ ಇಲ್ಲ, ಝಡ್‌ಲೆಸ್ ಕಮಾಂಡಿನಿಂದ ಹಾಗೇ ಓದಬಹುದು. ಲಾಗ್‌ರೊಟೇಟ್ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಬಿಟ್ಟು ಬಂದರೆ ಏನೂ ಸಿಗುವುದಿಲ್ಲ.

ಇದಕ್ಕಿಂತ ಒಳ್ಳೆಯದು ಜರ್ನಲ್ ಅನ್ನುವ ಸಿಸ್ಟಮ್ ದಾಖಲೆ ಓದುವ ಜರ್ನಲ್‌ಸಿಟಿಎಲ್ ಕಮಾಂಡ್. ಸುಮ್ನೆ ಅದನ್ನೇ ಕೊಟ್ಟರೆ ಸಮುದ್ರ. ಮೈನಸ್ ಬಿ, ಆಮೇಲೆ ಜಾಗ ಬಿಟ್ಟು ಮೈನಸ್ 1 ಕೊಟ್ಟರೆ ಹೋದ ಸಲ ಬೂಟ್ ಆದಾಗಿನದ್ದು ಮಾತ್ರ ಬರುತ್ತದೆ. ಮಷೀನ್ ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದ್ದರೆ ಬೇಕಾಗಿರುವುದು ಅದೇ. ಮೈನಸ್ ಪಿ ಇಆರ್‌ಆರ್ ಸೇರಿಸಿದರೆ ಎರರ್ ಮಾತ್ರ. ಗ್ರೇಟರ್ ದ್ಯಾನ್ ಚಿಹ್ನೆ ಹಾಕಿ ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿಕೊಳ್ಳಿ. ಮೊದಲಿಗೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಲು ಮರೆಯಬೇಡಿ. ಸಾಮಾನ್ಯ ಯೂಸರಿಗೆ ಪೂರ್ತಿ ಲಾಗ್ ಕಾಣುವುದಿಲ್ಲ.

ಸಪ್ತಾಪುರ ಸ್ಟೂಡೆಂಟ್
ನನ್ನ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 12 ಇದೆ. ವಾರ್ ಲಾಗ್ ಒಳಗೆ ಸಿಸ್‌ಲಾಗ್ ಫೈಲೇ ಇಲ್ಲ. ಯಾರಾದರೂ ಅಳಿಸಿದ್ದಾರಾ?

ಧಾರವಾಡ ಲಿನಕ್ಸ್
ಯಾರೂ ಅಳಿಸಿಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಸಿಸ್‌ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಎಲ್ಲ ಜರ್ನಲಿನಲ್ಲೇ ಇರುತ್ತದೆ, ಜರ್ನಲ್‌ಸಿಟಿಎಲ್ ಬಳಸಿ. ರೆಡ್ ಹ್ಯಾಟ್ ಕಡೆಯ ಮಷೀನುಗಳಲ್ಲಿ ಸಿಸ್‌ಲಾಗ್ ಬದಲು ಮೆಸೇಜಸ್ ಅನ್ನುವ ಫೈಲ್ ಇರುತ್ತದೆ. ಮೈನಸ್ 1 ಕೊಟ್ಟಾಗ ಹಿಂದಿನ ಬೂಟ್ ಇಲ್ಲ ಅಂತ ಬಂದರೆ ಜರ್ನಲ್ ಡಿಸ್ಕಿಗೆ ಬರೆಯುತ್ತಿಲ್ಲ ಅಂತ ಅರ್ಥ. ವಾರ್ ಲಾಗ್ ಒಳಗೆ ಜರ್ನಲ್ ಅನ್ನುವ ಫೋಲ್ಡರ್ ಇದೆಯಾ ನೋಡಿ.

ಗದಗ ಡಿಟಿಪಿ
ಮ್ಯಾಕ್ ಬಗ್ಗೆ ನಾನು ಹೇಳುತ್ತೇನೆ. ನಮ್ಮೂರಿನ ಪ್ರೆಸ್ಸುಗಳಲ್ಲಿ ಮ್ಯಾಕ್ ಇರುವುದು ಕಡಿಮೆ, ಆದರೆ ಇದ್ದವರಿಗೆ ಅದು ಕೆಟ್ಟರೆ ಹುಬ್ಬಳ್ಳಿಗೇ ಹೋಗಬೇಕು. ಹಾಗಾಗಿ ಲಾಗ್ ತೆಗೆಯುವುದನ್ನು ನಾವೇ ಕಲಿತೆವು.

ಅಪ್ಲಿಕೇಶನ್ಸ್ ಒಳಗೆ ಯುಟಿಲಿಟೀಸ್, ಅದರಲ್ಲಿ ಕನ್ಸೋಲ್ ಅಂತ ಇದೆ. ಎಡಗಡೆ ಕ್ರ್ಯಾಶ್ ರಿಪೋರ್ಟ್ಸ್ ಒತ್ತಿದರೆ ಯಾವ ಸಾಫ್ಟ್‌ವೇರ್ ಯಾವಾಗ ಬಿತ್ತು ಅಂತ ಪಟ್ಟಿ ಬರುತ್ತದೆ. ಪೇಜ್ ಮಾಡುವ ಸಾಫ್ಟ್‌ವೇರ್ ಮದುವೆ ಕಾರ್ಡಿನ ಸೀಸನ್ನಿನಲ್ಲಿ ಪದೇ ಪದೇ ಬೀಳುತ್ತಿತ್ತು. ರಿಪೋರ್ಟುಗಳಲ್ಲಿ ಪ್ರತಿ ಸಲ ಫಾಂಟಿಗೆ ಸಂಬಂಧಿಸಿದ ಹೆಸರೇ ಕಂಡಿತು. ಹೊಸದಾಗಿ ಹಾಕಿದ ಒಂದು ಕನ್ನಡ ಫಾಂಟ್ ತೆಗೆದ ಮೇಲೆ ನಿಂತಿತು.

ಸಾಫ್ಟ್‌ವೇರಿನ ಸ್ವಂತ ಲಾಗ್ ಯೂಸರಿನ ಲೈಬ್ರರಿ ಫೋಲ್ಡರಿನ ಒಳಗೆ ಲಾಗ್ಸ್ ಅಂತ ಇರುತ್ತದೆ. ಲೈಬ್ರರಿ ಹಿಡನ್. ಫೈಂಡರಿನಲ್ಲಿ ಆಪ್ಶನ್ ಕೀ ಒತ್ತಿ ಹಿಡಿದು ಗೋ ಮೆನು ತೆರೆದರೆ ಲೈಬ್ರರಿ ಕಾಣುತ್ತದೆ. ಸಪೋರ್ಟಿನವರು ಸಿಸ್‌ಡಯಾಗ್ನೋಸ್ (ಲಾಗುಗಳನ್ನು ಒಟ್ಟಿಗೆ ಕಟ್ಟಿದ ಫೈಲ್) ಕೇಳಿದರೆ ಶಿಫ್ಟ್, ಕಂಟ್ರೋಲ್, ಆಪ್ಶನ್, ಕಮಾಂಡ್ ನಾಲ್ಕನ್ನೂ ಹಿಡಿದು ಫುಲ್‌ಸ್ಟಾಪ್ ಕೀ ಒತ್ತಿ. ಸ್ವಲ್ಪ ಹೊತ್ತು ಬಿಟ್ಟು ದೊಡ್ಡ ಕಂಪ್ರೆಸ್ ಆದ ಫೈಲ್ ಬರುತ್ತದೆ, ಫೋಲ್ಡರೂ ತಾನಾಗೇ ತೆರೆಯುತ್ತದೆ.

ಧಾರವಾಡ ಲಿನಕ್ಸ್
ಅಕ್ಕಾರೇ, ಚೆನ್ನಾಗಿ ಬರೆದಿರಿ. ಒಂದು ಸೇರಿಸುತ್ತೇನೆ. 2016ರಲ್ಲಿ ಬಂದ ಸಿಯೆರಾದಿಂದ ಮ್ಯಾಕಿನ ಸಿಸ್ಟಮ್ ಲಾಗ್ ಹೆಚ್ಚಾಗಿ ಟೆಕ್ಸ್ಟ್ ಫೈಲಿನಲ್ಲಿ ಇರುವುದಿಲ್ಲ, ಯುನಿಫೈಡ್ ಲಾಗ್ ಆಗಿದೆ. ಕನ್ಸೋಲ್ ತೆರೆದ ಮೇಲೆ ಆಗುವುದು ಮಾತ್ರ ಅದರಲ್ಲಿ ಹರಿಯುತ್ತದೆ. ಹಿಂದೆ ಆದದ್ದು ಬೇಕಾದರೆ ಟರ್ಮಿನಲಿನಲ್ಲಿ ಲಾಗ್ ಶೋ ಕಮಾಂಡ್ ಕೊಡಬೇಕು. ಅದರ ಜೊತೆ ಲಾಸ್ಟ್ ಆಯ್ಕೆ ಹಾಕಿ ಒಂದು ಗಂಟೆಯದ್ದು ಅಂತ ಕೇಳಬಹುದು.

ಹಾವೇರಿ ಅಕೌಂಟ್ಸ್
ನಮ್ಮ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ ಅಂತ ಇದೆಯಲ್ಲ, ಸರ್ಕಾರ ಕಡ್ಡಾಯ ಮಾಡಿದ್ದು. ಅದನ್ನೇ ಕಳಿಸಿದರೆ ಆಗುವುದಿಲ್ಲವಾ?

ವಿದ್ಯಾನಗರ ಡೆವಲಪರ್
ಎರಡೂ ಬೇರೆ ಸರ್. ನೀವು ಹೇಳುವುದು ಆಡಿಟ್ ಟ್ರೇಲ್. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಅದು ಕಡ್ಡಾಯ. ಯಾವ ವೋಚರ್ ಯಾವತ್ತು ತಿದ್ದಿದರು ಅನ್ನುವುದು ಅದರಲ್ಲಿ ಇರುತ್ತದೆ, ಅದನ್ನು ಬಂದ್ ಮಾಡುವ ಹಾಗಿಲ್ಲ. ಸಾಫ್ಟ್‌ವೇರ್ ಯಾಕೆ ಬಿತ್ತು ಅನ್ನುವುದು ಅದರಲ್ಲಿ ಇರುವುದಿಲ್ಲ. ಅದು ನಿಮ್ಮ ಲೆಕ್ಕ. ಸಪೋರ್ಟಿನವರಿಗೆ ಅದನ್ನು ಕಳಿಸುವ ಅಗತ್ಯವೂ ಇಲ್ಲ, ಕಳಿಸಲೂಬಾರದು.

ಹಾವೇರಿ ಅಕೌಂಟ್ಸ್
ಒಳ್ಳೆಯದಾಯಿತು ಕೇಳಿದ್ದು. ಕಳಿಸಬಾರದು ಅಂದಿದ್ದಕ್ಕೆ ಇನ್ನೊಂದು ಪ್ರಶ್ನೆ. ಬೇರೆ ಲಾಗುಗಳಲ್ಲಿ ಪಾರ್ಟಿ ಹೆಸರು, ಜಿಎಸ್‌ಟಿ ನಂಬರ್ ಇರುವುದಿಲ್ಲವಾ?

ವಿದ್ಯಾನಗರ ಡೆವಲಪರ್
ಇರುತ್ತವೆ. ಮೊಬೈಲ್ ನಂಬರ್, ಯೂಸರ್ ಹೆಸರು, ಒಮ್ಮೊಮ್ಮೆ ಡೇಟಾಬೇಸಿನ ಪಾಸ್‌ವರ್ಡ್ ಕೂಡ. ಬರೆಯಬಾರದು, ಆದರೂ ಬರೆಯುವ ಸಾಫ್ಟ್‌ವೇರುಗಳಿವೆ. ಆದ್ದರಿಂದ ಲಾಗನ್ನು ಗ್ರೂಪಿಗೆ ಹಾಕಬೇಡಿ, ಇಲ್ಲಿ ಕೂಡ ಅಂಟಿಸಬೇಡಿ. ಮೊದಲು ಒಂದು ಕಾಪಿ ಮಾಡಿ. ಕಾಪಿಯಲ್ಲಿ ಪಾಸ್‌ವರ್ಡ್, ನಂಬರ್ ಹುಡುಕಿ ಅಳಿಸಿ. ಮೂಲ ಫೈಲ್ ಹಾಗೇ ಇರಲಿ. ಆಮೇಲೆ ಝಿಪ್ ಮಾಡಿ. ಟೆಕ್ಸ್ಟ್ ಲಾಗ್ ಝಿಪ್ ಮಾಡಿದರೆ ತುಂಬಾ ಚಿಕ್ಕದಾಗುತ್ತದೆ. ಜಿಮೇಲಿನಲ್ಲಿ 25 ಎಂಬಿ ತನಕ ಹೋಗುತ್ತದೆ. ಅದಕ್ಕಿಂತ ದೊಡ್ಡದಾದರೆ ಡ್ರೈವಿಗೆ ಹಾಕಿ ಅವರ ಇಮೇಲಿಗೆ ಮಾತ್ರ ಅನುಮತಿ ಕೊಡಿ, ಲಿಂಕ್ ಇದ್ದವರೆಲ್ಲ ನೋಡುವ ಹಾಗೆ ಇಡಬೇಡಿ.

ಹಳೇಹುಬ್ಬಳ್ಳಿ ಸರ್ವಿಸ್
ಎಲ್ಲರಿಗೂ ಧನ್ಯವಾದ. ಇವತ್ತು ಅಂಗಡಿಗೆ ಹೋಗಿದ್ದೆ. ಗಲ್ಲಾದಲ್ಲಿ ಕೂರುವ ಹುಡುಗನಿಗೆ ಮೊದಲೇ ಹೇಳಿದ್ದೆ, ನಿಂತಾಗಲೆಲ್ಲ ಗಡಿಯಾರ ನೋಡಿ ಚೀಟಿಯಲ್ಲಿ ಬರಿ ಅಂತ. ಬಿಲ್ ಪುಸ್ತಕದ ಹಿಂದೆ ಚೆನ್ನಾಗಿ ಬರೆದಿಟ್ಟಿದ್ದ: 12:52, 1:20, ಮರುದಿನ 6:41.

ಅಪ್ಲಿಕೇಶನ್ ಲಾಗಿನಲ್ಲಿ ಆ ಸಮಯಕ್ಕೆ 1002 ಇತ್ತು, ಬಿಲ್ಲಿಂಗ್ ಸಾಫ್ಟ್‌ವೇರ್ ಹ್ಯಾಂಗ್ ಅಂತ. ಸಿಸ್ಟಮ್ ಲಾಗ್ ತೆರೆದು ಅದೇ ನಿಮಿಷಕ್ಕೆ ಹೋದರೆ ಸೋರ್ಸ್ ಡಿಸ್ಕ್, ಈವೆಂಟ್ ಐಡಿ 7, ಹಾರ್ಡ್‌ಡಿಸ್ಕ್ 0ರಲ್ಲಿ ಬ್ಯಾಡ್ ಬ್ಲಾಕ್ (ಕೆಟ್ಟ ಜಾಗ) ಇದೆ ಅಂತ. ಒಂದಲ್ಲ, ಸಾಲಾಗಿ. ಮೂರೂ ಸಮಯಕ್ಕೆ ಹೊಂದುತ್ತದೆ. ಮಧ್ಯೆ ಮಧ್ಯೆ 153 ಅಂತಲೂ ಇದೆ.

ಅಂದರೆ ಡಿಸ್ಕೇ ಹೋಗುತ್ತಿದೆ, ಅಲ್ವಾ? ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಹಾಕಲಾ?

ಗೋಕುಲ ರೋಡ್ ಐಟಿ
ನಿಲ್ಲಿ! ಚೆಕ್‌ಡಿಸ್ಕ್ ಈಗ ಬೇಡ. ಮೊದಲು ಡೇಟಾ ಕಾಪಿ. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಕೊಟ್ಟರೆ ಪೂರ್ತಿ ಡಿಸ್ಕ್ ಓದಲು ಕೂರುತ್ತದೆ, ಆ ಹೊಡೆತಕ್ಕೇ ಪೂರ್ತಿ ಹೋಗಬಹುದು. ಬಿಲ್ಲಿಂಗ್ ಡೇಟಾ ಫೋಲ್ಡರ್ ಹೊರಗಿನ ಡ್ರೈವಿಗೆ ಹಾಕಿ. ಕಾಪಿ ಆದದ್ದು ಬೇರೆ ಮಷೀನಿನಲ್ಲಿ ತೆರೆಯುತ್ತದಾ ನೋಡಿ. ಆಮೇಲೆ ಸ್ಮಾರ್ಟ್, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ ಓದಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎರಡು ಸಾಲು ನೋಡಿ. 153 ಅಂದರೆ ಡಿಸ್ಕಿಗೆ ಕೊಟ್ಟ ಕೆಲಸ ಒಂದೇ ಸಲಕ್ಕೆ ಆಗದೇ ಮತ್ತೆ ಪ್ರಯತ್ನ ಮಾಡಬೇಕಾಯಿತು ಅಂತ. ಅದು ಒಮ್ಮೊಮ್ಮೆ ಸಾಟಾ ಕೇಬಲ್ ಸಡಿಲ ಇದ್ದರೂ ಬರುತ್ತದೆ, ಆದರೆ 7 ಜೊತೆಗೆ ಇದ್ದರೆ ಡಿಸ್ಕಿನ ಮೇಲೇ ಅನುಮಾನ.

ಕೊಪ್ಪಿಕರ್ ರೋಡ್ ಹಾರ್ಡ್‌ವೇರ್
ಹಾಗಾದರೆ ಫಾರ್ಮ್ಯಾಟ್ ಮಾಡಿದ ಮೇಲೆ ಸ್ವಲ್ಪ ದಿನ ಚೆನ್ನಾಗಿ ನಡೆದದ್ದು ಹೇಗೆ? ಡಿಸ್ಕ್ ಹೋಗಿದ್ದರೆ ಅವತ್ತೇ ನಿಲ್ಲಬೇಕಿತ್ತು.

ಗೋಕುಲ ರೋಡ್ ಐಟಿ
ಒಳ್ಳೆ ಪ್ರಶ್ನೆ. ಎಲ್ಲರೂ ಮಾಡುವುದು ಕ್ವಿಕ್ ಫಾರ್ಮ್ಯಾಟ್. ಅದು ಕೆಟ್ಟ ಸೆಕ್ಟರ್ ಹುಡುಕುವುದಿಲ್ಲ, ಫೈಲುಗಳ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಹೊಸದಾಗಿ ವಿಂಡೋಸ್ ಹಾಕಿದಾಗ ಫೈಲುಗಳು ಡಿಸ್ಕಿನ ಬೇರೆ ಜಾಗದಲ್ಲಿ ಕೂರುತ್ತವೆ. ಬಿಲ್ಲಿಂಗ್ ಡೇಟಾ ದಿನಾ ಬೆಳೆಯುತ್ತದೆ. ಬೆಳೆಯುತ್ತಾ ಕೆಟ್ಟ ಜಾಗ ಮುಟ್ಟಿದ ದಿನ ಮತ್ತೆ ನಿಲ್ಲುತ್ತದೆ. ಗಿರಾಕಿ ಜಾಸ್ತಿ ಇದ್ದಾಗಲೇ ನಿಲ್ಲುವುದೂ ಅದಕ್ಕೇ, ಆಗ ತಾನೇ ಡಿಸ್ಕ್ ಓದುವುದು ಬರೆಯುವುದು ಜಾಸ್ತಿ.

ಕೊಪ್ಪಿಕರ್ ರೋಡ್ ಹಾರ್ಡ್‌ವೇರ್
ಇದು ಸರಿ ಕಾಣುತ್ತದೆ. ಆದರೂ ವೈರಸ್ ತುಂಬಿದ ಮಷೀನಿಗೆ ಫಾರ್ಮ್ಯಾಟೇ ದಾರಿ, ಅದರಲ್ಲಿ ನಾನು ಬದಲಾಗುವುದಿಲ್ಲ. ಇನ್ನು ಮುಂದೆ ಅಂಗಡಿಗೆ ಬರುವ ಮಷೀನಿನ ಸಿಸ್ಟಮ್ ಲಾಗ್ ಒಂದು ಸಲ ಫಿಲ್ಟರ್ ಹಾಕಿ ನೋಡಿಯೇ ಕೈ ಹಾಕಲು ಹುಡುಗರಿಗೆ ಹೇಳುತ್ತೇನೆ. ಎರಡು ನಿಮಿಷದ ಕೆಲಸ ಅಷ್ಟೇ.

ಬ್ಯಾಡಗಿ ಅಡತಿ
ನಮ್ಮ ಪ್ರಿಂಟರ್ ಸುದ್ದಿ. ಎರಡೆರಡು ಪಟ್ಟಿ ಬಂದಾಗ ಲಾಗಿನಲ್ಲಿ ಎರಡು ಜಾಬ್ ಇವೆ, ಸಮಯದಲ್ಲಿ ಮೂರು ಸೆಕೆಂಡ್ ವ್ಯತ್ಯಾಸ. ಅಂದರೆ ಕಂಪ್ಯೂಟರಿನಿಂದಲೇ ಎರಡು ಸಲ ಹೋಗಿದೆ. ಕೇಳಿದರೆ ಗುಮಾಸ್ತರು ಪ್ರಿಂಟ್ ತಡ ಆಯಿತು ಅಂತ ಮತ್ತೊಂದು ಸಲ ಎಂಟರ್ ಒತ್ತುತ್ತಿದ್ದರಂತೆ. ಏನೂ ಬಾರದೇ ಇದ್ದಾಗ ಲಾಗಿನಲ್ಲಿ ಜಾಬ್ ಇದೆ, ಕಾಗದ ಮಾತ್ರ ಬಂದಿಲ್ಲ. ಅದಕ್ಕೆ ಯುಎಸ್‌ಬಿ ಕೇಬಲ್ ಬದಲಾಯಿಸಿದ್ದೇವೆ, ನೋಡಬೇಕು. ಬ್ಯಾಡಗಿ ಕಡೆ ಬಂದರೆ ಹೇಳಿ, ಮಿರ್ಚಿ ಭಜಿ ನನ್ನ ಕಡೆಯಿಂದ.

ಸಪ್ತಾಪುರ ಸ್ಟೂಡೆಂಟ್
ಬ್ಯಾಡಗಿಯಲ್ಲಿ ಮಿರ್ಚಿ ಅಂದರೆ ಖಾರ ಜಾಸ್ತಿ ಇರಬೇಕು.

ಬ್ಯಾಡಗಿ ಅಡತಿ
ಇಲ್ಲಪ್ಪಾ, ಬ್ಯಾಡಗಿ ಮೆಣಸಿನಕಾಯಿ ಹೆಸರುವಾಸಿ ಆಗಿರುವುದು ಬಣ್ಣಕ್ಕೆ. ಖಾರ ಕಡಿಮೆ. ಭಜಿಗೆ ಹಾಕುವುದು ಹಸಿಮೆಣಸಿನಕಾಯಿ, ಅದು ಬೇರೆ.

ಗದಗ ಡಿಟಿಪಿ
ವಿಷಯಕ್ಕೆ ಬನ್ನಿ. ಟೆಂಪ್ ಕ್ಲೀನ್ ಮಾಡುವ ಸಾಫ್ಟ್‌ವೇರುಗಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ವಿಂಡೋಸ್ ಮಷೀನಿನಲ್ಲಿ ದಿನಾ ಅದನ್ನು ಓಡಿಸುತ್ತಾರೆ, ಸ್ಪೀಡ್ ಆಗುತ್ತದೆ ಅಂತ. ಅದು ಲಾಗನ್ನೂ ಅಳಿಸುತ್ತದಾ?

ಗೋಕುಲ ರೋಡ್ ಐಟಿ
ಅಳಿಸುತ್ತದೆ ಅಕ್ಕಾರೇ. ಟೆಂಪಿನಲ್ಲಿರುವ ಲಾಗ್, ನೀಲಿ ಸ್ಕ್ರೀನ್ ಬಂದಾಗ ವಿಂಡೋಸ್ ಬರೆದಿಡುವ ಮಿನಿಡಂಪ್ ಫೈಲ್, ಒಮ್ಮೊಮ್ಮೆ ಈವೆಂಟ್ ಲಾಗ್ ಕೂಡ, ಯಾವ ಟಿಕ್ ಹಾಕಿದ್ದಾರೆ ಅನ್ನುವುದರ ಮೇಲೆ. ತೊಂದರೆ ಇರುವ ಮಷೀನಿನಲ್ಲಿ ಅದನ್ನು ನಿಲ್ಲಿಸಿ. ಈವೆಂಟ್ ಲಾಗ್ ತಾನಾಗಿಯೂ ಹಳೆಯದನ್ನು ಬಿಡುತ್ತದೆ. ಅಪ್ಲಿಕೇಶನ್, ಸಿಸ್ಟಮ್ ಎರಡಕ್ಕೂ ಮೊದಲಿನ ಗಾತ್ರ 20 ಎಂಬಿ, ತುಂಬಿದ ಮೇಲೆ ಹಳೆಯದರ ಮೇಲೆ ಬರೆಯುತ್ತದೆ. ಪ್ರಾಪರ್ಟೀಸಿಗೆ ಹೋಗಿ 100 ಎಂಬಿ ಮಾಡಿಡಿ. ಇವತ್ತಿನ ಡಿಸ್ಕಿಗೆ ಅದು ಲೆಕ್ಕವೇ ಅಲ್ಲ.

ಹಳೇಹುಬ್ಬಳ್ಳಿ ಸರ್ವಿಸ್
ಡೇಟಾ ಪೂರ್ತಿ ಬಂತು. ಪೆಂಡಿಂಗ್ ಸೆಕ್ಟರ್ ಸಾಲು ಹಳದಿ ತೋರಿಸುತ್ತಿದೆ. ಮಾಲೀಕರಿಗೆ ಲಾಗಿನ ಸಾಲುಗಳನ್ನೇ ತೋರಿಸಿದೆ, ಹುಡುಗ ಬರೆದ ಸಮಯದ ಪಕ್ಕ ಇಟ್ಟು. ಒಂದು ಮಾತೂ ಆಡದೇ ಎಸ್‌ಎಸ್‌ಡಿ ತರಲು ಒಪ್ಪಿದರು. ಬರೀ "ಡಿಸ್ಕ್ ಹೋಗಿದೆ" ಅಂದಿದ್ದರೆ ನಂಬುತ್ತಿರಲಿಲ್ಲ, ಎರಡು ಸಲ ಫಾರ್ಮ್ಯಾಟಿಗೆ ದುಡ್ಡು ಕೊಟ್ಟವರು ಅವರು.

ಕೊನೆಯದಾಗಿ ಇನ್ನೊಂದು ಕೇಳಬೇಕು. ಮಷೀನ್ ಬೂಟೇ ಆಗದಿದ್ದರೆ ಲಾಗ್ ತೆಗೆಯುವುದು ಹೇಗೆ?

ಧಾರವಾಡ ಲಿನಕ್ಸ್
ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಟ್ರೈ ಉಬುಂಟು ಕೊಡಿ, ಇನ್‌ಸ್ಟಾಲ್ ಅಲ್ಲ. ವಿಂಡೋಸಿನ ಡ್ರೈವ್ ತೆರೆಯಿರಿ. ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ವಿನ್‌ಇವಿಟಿ, ಅದರೊಳಗೆ ಲಾಗ್ಸ್. ಅಲ್ಲಿರುವ ಇವಿಟಿಎಕ್ಸ್ ಫೈಲುಗಳನ್ನು ಕಾಪಿ ಮಾಡಿಕೊಂಡು ಬೇರೆ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಓಪನ್ ಸೇವ್ಡ್ ಲಾಗ್ ಕೊಡಿ. ವಿಂಡೋಸ್ ಫೋಲ್ಡರಿನಲ್ಲಿ ಮಿನಿಡಂಪ್ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಮಷೀನಿಗೆ ಜೋಡಿಸಿದರೂ ನಡೆಯುತ್ತದೆ.

ವಿದ್ಯಾನಗರ ಡೆವಲಪರ್
ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಎನ್‌ಕ್ರಿಪ್ಶನ್ ಬೀಗ, ಇದ್ದರೆ ಇದ್ಯಾವುದೂ ನಡೆಯುವುದಿಲ್ಲ, 48 ಅಂಕಿಯ ರಿಕವರಿ ಕೀ ಬೇಕು. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೆಟಪ್ ಮಾಡಿದರೆ ಎನ್‌ಕ್ರಿಪ್ಶನ್ ಎಷ್ಟೋ ಸಲ ತಾನಾಗಿ ಆನ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಆ ಕೀ ಅವರ ಅಕೌಂಟಿನಲ್ಲಿ ಸೇವ್ ಆಗಿರುತ್ತದೆ. ನೀವು ನೋಡಿಕೊಳ್ಳುವ ಮಷೀನುಗಳಲ್ಲಿ ಯಾವುದಕ್ಕೆ ಆನ್ ಇದೆ ಅಂತ ಈಗಲೇ ನೋಡಿ, ಮಾಲೀಕರಿಂದಲೇ ಕೀ ಬರೆಸಿ ಅವರ ಬೀರುವಿನಲ್ಲೇ ಇಡಿಸಿ.

ಹಳೇಹುಬ್ಬಳ್ಳಿ ಸರ್ವಿಸ್
ಸೋಮವಾರದಿಂದ ಒಂದೊಂದೇ ಅಂಗಡಿಗೆ ಹೋಗಿ ನೋಡುತ್ತೇನೆ.